ಪ್ಲಸ್ ಆರ್ ಮೈನಸ್ ಎಷ್ಟು? ಡಿಗ್ರಿಯಲ್ಲಿ ಫಿಸಿಕ್ಸ್ ಓದಿದರೆ ಸಿಗುವುದೇನು

ಬಿ.ಎಸ್ಸಿ. ಮೊದಲ ಸೆಮಿಸ್ಟರ್, ಫಿಸಿಕ್ಸ್ ಲ್ಯಾಬ್. ಒಂದು ದಾರ, ಅದರ ತುದಿಗೆ ಹಿತ್ತಾಳೆ ಗುಂಡು, ಕೈಯಲ್ಲೊಂದು ಸ್ಟಾಪ್‌ವಾಚ್. ಗುಂಡನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಡಬೇಕು. ಅದು ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಬೇಕು. ಅದರಿಂದ ಗುರುತ್ವ ವೇಗೋತ್ಕರ್ಷ, ಅಂದರೆ ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಎಷ್ಟು ಬೇಗ ಹೆಚ್ಚುತ್ತದೆ ಅನ್ನುವುದನ್ನು ಲೆಕ್ಕ ಹಾಕಬೇಕು. ನಾವೆಲ್ಲ 'ಜಿ' ಅಂತ ಕರೆಯುವ, ಹೈಸ್ಕೂಲಿನಿಂದ ಬಾಯಿಪಾಠ ಇರುವ ಸಂಖ್ಯೆ ಅದು. 9.8.

ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ 9.8 ಬಂದಿತ್ತು. ನನಗೂ. ಆದರೆ ನನಗೆ ಮೊದಲು ಬಂದದ್ದು 9.6. ಉತ್ತರ ತಪ್ಪಾಯಿತು ಅಂತ ಹೆದರಿ ಒಂದೆರಡು ರೀಡಿಂಗ್ ತಿದ್ದಿ ಬರೆದಿದ್ದೆ. ರೆಕಾರ್ಡ್ ನೋಡಿದ ಮೇಷ್ಟ್ರು ಸರಿ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. "9.8 ಅಂತ ಬರೆದಿದ್ದೀಯಲ್ಲ, ಪ್ಲಸ್ ಆರ್ ಮೈನಸ್ ಎಷ್ಟು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಶ್ನೆಯ ಅರ್ಥವೇ ಆಗಿರಲಿಲ್ಲ.

ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ "ಡಿಗ್ರಿಗೆ ಫಿಸಿಕ್ಸ್ ತಗೊಂಡರೆ ಏನು ಉಪಯೋಗ?" ಅಂತ ಕೇಳಿದಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ. ಕೆಲಸ, ಸಂಬಳದ ವಿಷಯಕ್ಕೂ ಬರುತ್ತೇನೆ, ಅದನ್ನು ತಪ್ಪಿಸಿಕೊಳ್ಳುವುದಿಲ್ಲ. ಆದರೆ ಮೂರು ವರ್ಷ ಫಿಸಿಕ್ಸ್ ಓದಿದವರ ತಲೆಯಲ್ಲಿ ಏನು ಬದಲಾಗುತ್ತದೆ ಅನ್ನುವುದು ಗೊತ್ತಾಗದೆ ಕೆಲಸದ ಮಾತು ಪೂರ್ತಿ ಅರ್ಥವಾಗುವುದಿಲ್ಲ. ಹಾಗಾಗಿ ಮೊದಲು ಆ ಗುಂಡಿನ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲೋಣ.

ಲೋಲಕದ ಉದ್ದ 1 ಮೀಟರ್ ಇದ್ದರೆ ಗುಂಡು ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಈಗ ನಿಮ್ಮ ಬೆರಳನ್ನು ಗಮನಿಸಿ. ಕಣ್ಣು ಗುಂಡನ್ನು ನೋಡಿ, ಬೆರಳು ಬಟನ್ ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ಹೆಚ್ಚು ಕಡಿಮೆ ಆಗುತ್ತದೆ. ಎಷ್ಟೇ ಚುರುಕಾದವರಿಗೂ ಅದು ತಪ್ಪಿದ್ದಲ್ಲ. ಒಂದೇ ಒಂದು ಆಂದೋಲನ, ಅಂದರೆ ಗುಂಡು ಒಮ್ಮೆ ಹೋಗಿ ಬರುವುದನ್ನು ಮಾತ್ರ ಅಳೆದರೆ 2 ಸೆಕೆಂಡಿನಲ್ಲಿ 0.2 ಸೆಕೆಂಡು, ಅಂದರೆ ಶೇಕಡಾ 10ರಷ್ಟು ಅನುಮಾನ. ಜಿ ಲೆಕ್ಕದಲ್ಲಿ ಈ ಕಾಲವನ್ನು ವರ್ಗ ಮಾಡಬೇಕು, ಹಾಗಾಗಿ ಅನುಮಾನ ದುಪ್ಪಟ್ಟಾಗುತ್ತದೆ. ನಿಮ್ಮ ಉತ್ತರ 8ರಿಂದ 12ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅಂಥ ಅಳತೆಯಲ್ಲಿ 9.8 ಬಂದರೂ ಅದು ಬರೀ ಅದೃಷ್ಟ.

ಅದಕ್ಕೇ ಲ್ಯಾಬಿನಲ್ಲಿ 20 ಆಂದೋಲನ ಎಣಿಸಿ ಅಂತ ಹೇಳುತ್ತಾರೆ. 20 ಆಂದೋಲನಕ್ಕೆ 40.2 ಸೆಕೆಂಡು ಬಂತು ಅಂದುಕೊಳ್ಳಿ. ಬೆರಳಿನ ತಪ್ಪು ಈಗಲೂ ಅದೇ 0.2 ಸೆಕೆಂಡು. ಆದರೆ ಅದು ಈಗ 40 ಸೆಕೆಂಡಿನ ಮೇಲೆ ಹಂಚಿಹೋಗಿದೆ. ಲೆಕ್ಕ ಹಾಕಿದರೆ ಜಿ 9.77 ಬರುತ್ತದೆ, ಪ್ಲಸ್ ಆರ್ ಮೈನಸ್ 0.1. ವಾಚ್ ಬದಲಾಗಲಿಲ್ಲ, ಬೆರಳು ಬದಲಾಗಲಿಲ್ಲ, ಒಂದು ಪೈಸೆ ಖರ್ಚಾಗಲಿಲ್ಲ. ಎಣಿಸುವ ರೀತಿ ಬದಲಾದದ್ದಕ್ಕೆ ಅಳತೆ 20 ಪಟ್ಟು ಚೆನ್ನಾಯಿತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಜಿ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರಿನಲ್ಲಿ ಅದು ಸುಮಾರು 9.78, ಧ್ರುವಗಳಲ್ಲಿ 9.83. ನಮ್ಮ ಅಳತೆಯ ಅನುಮಾನ 0.1 ಇರುವಾಗ, ನಾವು ಬೆಂಗಳೂರಿನಲ್ಲಿದ್ದೇವೋ ಉತ್ತರ ಧ್ರುವದಲ್ಲಿದ್ದೇವೋ ಅನ್ನುವುದನ್ನು ಆ ಲೋಲಕ ಹೇಳಲಾರದು. ಈ ಅಳತೆಯಿಂದ ಏನು ಹೇಳಬಹುದು, ಏನು ಹೇಳಬಾರದು ಅನ್ನುವ ಗೆರೆ ಆ 'ಪ್ಲಸ್ ಆರ್ ಮೈನಸ್'.

ಹಾಗಾದರೆ ನನ್ನ 9.6? ಅದು ಗೆರೆಯ ಆಚೆ ಇತ್ತು, ಅಂದರೆ ಬೆರಳಿನ ತಪ್ಪಿನಿಂದ ಬಂದದ್ದಲ್ಲ. ಆಮೇಲೆ ಗೊತ್ತಾಯಿತು, ನಾನು ಉದ್ದವನ್ನು ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದೆ. ಗುಂಡಿನ ನಡುಮಧ್ಯದವರೆಗೆ ಅಳೆಯಬೇಕು. 2 ಸೆಂಟಿಮೀಟರ್ ಬಿಟ್ಟುಹೋಗಿತ್ತು. 100ಕ್ಕೆ 2 ಕಮ್ಮಿ, ಉತ್ತರವೂ ಸರಿಯಾಗಿ ಅಷ್ಟೇ ಕಮ್ಮಿ. ಆ 9.6 ನನಗೆ ನನ್ನ ತಪ್ಪನ್ನು ಬೆರಳಿಟ್ಟು ತೋರಿಸುತ್ತಿತ್ತು. ನಾನು ಅದನ್ನು ತಿದ್ದಿ ಅಳಿಸಿಬಿಟ್ಟಿದ್ದೆ.

ಇದೇ ನನ್ನ ಮುಖ್ಯ ಮಾತು. ಫಿಸಿಕ್ಸ್ ಕಲಿಸುವ ಮೊದಲ ವಿದ್ಯೆ, ಒಂದು ಸಂಖ್ಯೆಯನ್ನು ಎಷ್ಟು ನಂಬಬಹುದು ಅಂತ ಕೇಳುವುದು. ಎರಡನೆಯದು, ಬೇಡವಾದದ್ದನ್ನೆಲ್ಲ ಪಕ್ಕಕ್ಕಿಟ್ಟು ವಿಷಯದ ಬುಡಕ್ಕೆ ಹೋಗುವುದು. ಬೇರೆ ಓದುಗಳಲ್ಲೂ ಇವು ಸಿಗುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಫಿಸಿಕ್ಸ್‌ನಲ್ಲಿ ಇದನ್ನು ವಾರ ವಾರ, ಪ್ರತಿ ಲ್ಯಾಬಿನಲ್ಲಿ, ಪ್ರತಿ ಲೆಕ್ಕದಲ್ಲಿ ಕೈಯಾರೆ ಮಾಡಿಸುತ್ತಾರೆ. ಮೂರು ವರ್ಷಕ್ಕೆ ಅದು ಅಭ್ಯಾಸವಾಗಿಬಿಡುತ್ತದೆ.

ಆ ಲ್ಯಾಬಿನ ಜಿ ಎಲ್ಲಿಯವರೆಗೆ ಹೋಗುತ್ತದೆ ನೋಡಿ. 2002ರಲ್ಲಿ ಅಮೆರಿಕ ಮತ್ತು ಜರ್ಮನಿ ಸೇರಿ ಗ್ರೇಸ್ ಅನ್ನುವ ಜೋಡಿ ಉಪಗ್ರಹಗಳನ್ನು ಹಾರಿಸಿದವು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್ ಅಂತರ. ಕೆಳಗೆ ನೆಲ ಸ್ವಲ್ಪ ಹೆಚ್ಚು ಭಾರ ಇರುವ ಜಾಗ ಬಂದರೆ ಮುಂದಿನ ಉಪಗ್ರಹ ಮೊದಲು ಆ ಸೆಳೆತಕ್ಕೆ ಸಿಗುತ್ತದೆ, ಚೂರು ಮುಂದೆ ಓಡುತ್ತದೆ. ಇಬ್ಬರ ನಡುವಿನ ಅಂತರ ಬದಲಾಗುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಚಿಕ್ಕ ಬದಲಾವಣೆಯನ್ನೂ ಅವು ಅಳೆಯುತ್ತಿದ್ದವು. ನೆಲದೊಳಗಿನ ನೀರು ಖಾಲಿಯಾದರೆ ಆ ನೆಲ ಹಗುರವಾಗುತ್ತದೆ, ಸೆಳೆತ ಕಡಿಮೆಯಾಗುತ್ತದೆ. ಹೀಗೆ ಅಳೆದು ವಿಜ್ಞಾನಿಗಳು ಹೇಳಿದ್ದು ಇದು: 2002ರ ಆಗಸ್ಟಿನಿಂದ 2008ರ ಅಕ್ಟೋಬರ್‌ವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣ, ದೆಹಲಿ ಸೀಮೆಯಲ್ಲಿ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದೆ. ನಮ್ಮ ಕೆಆರ್‌ಎಸ್ ಅಣೆಕಟ್ಟನ್ನು 75ಕ್ಕೂ ಹೆಚ್ಚು ಸಲ ತುಂಬಿಸುವಷ್ಟು ನೀರು. ಒಂದೂ ಬಾವಿಗೆ ಇಣುಕದೆ, ಆಕಾಶದಿಂದ, ಜಿ ಅಳೆದೇ ಇದನ್ನು ಕಂಡುಕೊಂಡರು.

ಅಂತರ್ಜಲದ ಮಾತು ಬಂದದ್ದರಿಂದ ನಮ್ಮ ಅಪಾರ್ಟ್‌ಮೆಂಟಿನ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ಬಂದು, ಬೋರ್‌ವೆಲ್ ಮೋಟರಿನ ಪ್ಯಾನೆಲ್ ಬೋರ್ಡಿಗೆ ಒಂದು ಡಬ್ಬಿ ಕೂರಿಸುತ್ತೇವೆ, ಕರೆಂಟ್ ಬಿಲ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಅಂದರು. ಡಬ್ಬಿಯ ಬೆಲೆ ಸಾಕಷ್ಟು ಜಾಸ್ತಿ ಇತ್ತು. ಆದರೂ ಸಂಘದವರಿಗೆ ಆಸೆ ಆಯಿತು, ಸಹಜವೇ. ನನಗೆ ಆ ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಲೆಕ್ಕ ಇಷ್ಟೇ. ನಮ್ಮಲ್ಲಿ ನೀರು ಇರುವುದು ಸುಮಾರು 600 ಅಡಿಯಲ್ಲಿ. ಬೋರ್ ಎಷ್ಟು ಅಡಿ ಕೊರೆಸಿದ್ದೀರಿ ಅನ್ನುವುದಲ್ಲ, ನೀರಿನ ಮಟ್ಟ ಎಷ್ಟು ಆಳದಲ್ಲಿದೆ ಅನ್ನುವುದು ಮುಖ್ಯ. 600 ಅಡಿ ಅಂದರೆ ಸುಮಾರು 180 ಮೀಟರ್. 1 ಲೀಟರ್ ನೀರು 1 ಕಿಲೋ ತೂಗುತ್ತದೆ. ಅದನ್ನು 180 ಮೀಟರ್ ಮೇಲೆತ್ತಲು 180ನ್ನು 9.8ರಿಂದ ಗುಣಿಸಿದಷ್ಟು, ಅಂದರೆ ಸುಮಾರು 1,800 ಜೂಲ್ ಶಕ್ತಿ ಬೇಕು. 1 ಯೂನಿಟ್ ಕರೆಂಟಿನಲ್ಲಿ ಇರುವುದು 36 ಲಕ್ಷ ಜೂಲ್. ಭಾಗಿಸಿ ನೋಡಿ, 2,000 ಲೀಟರ್. ಪ್ರಪಂಚದ ಅತ್ಯುತ್ತಮ ಪಂಪು, ಒಂದು ಚೂರೂ ನಷ್ಟ ಇಲ್ಲದ ಪಂಪು ತಂದು ಹಾಕಿದರೂ 1 ಯೂನಿಟ್ಟಿಗೆ 2,000 ಲೀಟರಿಗಿಂತ ಜಾಸ್ತಿ ನೀರು ಮೇಲೆ ಬರಲಾರದು. ಜಿ ಬಿಡುವುದಿಲ್ಲ.

ನಮ್ಮ ಸೆಕ್ಯುರಿಟಿ ಅಣ್ಣನನ್ನು ಕರೆದು, "10,000 ಲೀಟರ್ ಸಂಪು ತುಂಬುವಷ್ಟರಲ್ಲಿ ಮೀಟರ್ ಎಷ್ಟು ಓಡುತ್ತೆ ನೋಡಣ್ಣ" ಅಂದೆ. ಎರಡು ದಿನ ನೋಡಿ 10 ಯೂನಿಟ್ ಅಂದರು. ಅಂದರೆ ನಮಗೆ ಆಗಲೇ 1 ಯೂನಿಟ್ಟಿಗೆ 1,000 ಲೀಟರ್ ಬರುತ್ತಿದೆ. ಬಿಲ್ ಮೂರನೇ ಒಂದು ಭಾಗ ಆಗಬೇಕಾದರೆ 1 ಯೂನಿಟ್ಟಿಗೆ 3,000 ಲೀಟರ್ ಬರಬೇಕು. 2,000ದ ಮೇಲೆ ಸಾಧ್ಯವೇ ಇಲ್ಲ ಅಂತ ಆಗಲೇ ಗೊತ್ತಾಗಿದೆ. ನೀರಿನ ಆಳದ ಅಂದಾಜಿನಲ್ಲಿ 50 ಅಡಿ ಹೆಚ್ಚು ಕಡಿಮೆ ಆದರೂ ಈ ತೀರ್ಮಾನ ಅಲುಗಾಡುವುದಿಲ್ಲ. ಅಲ್ಲೂ ಪ್ಲಸ್ ಆರ್ ಮೈನಸ್ ಕೆಲಸಕ್ಕೆ ಬಂತು. ಸಂಘದ ಮೀಟಿಂಗಿನಲ್ಲಿ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಡಬ್ಬಿ ಬೇಡ ಅಂತಾಯಿತು. ಹಳೇ ಪಂಪು ಬದಲಾಯಿಸಿದರೆ ಎಷ್ಟು ಉಳಿಯಬಹುದು ಅನ್ನುವ ಸರಿಯಾದ ಪ್ರಶ್ನೆ ಶುರುವಾಯಿತು.

ಇದರಲ್ಲಿ ಪಿಯುಸಿ ಮೀರಿದ ಸೂತ್ರ ಒಂದೂ ಇಲ್ಲ, ಗಮನಿಸಿದಿರಾ? ಸೂತ್ರ ಎಲ್ಲರಿಗೂ ಗೊತ್ತಿತ್ತು. ಅದನ್ನು ನಮ್ಮ ಸಂಪಿಗೆ ತಂದು ಹಚ್ಚುವ ಅಭ್ಯಾಸ ಡಿಗ್ರಿಯಲ್ಲಿ ಬಂತು. ಪಿಯುಸಿಯಲ್ಲಿ ಲೆಕ್ಕವೇ ಬಂದು ಎದುರು ನಿಲ್ಲುತ್ತದೆ, ಬೇಕಾದ ಸಂಖ್ಯೆಗಳನ್ನೂ ಅದೇ ಕೊಡುತ್ತದೆ. ಡಿಗ್ರಿ, ಎಂ.ಎಸ್ಸಿ.ಗೆ ಹೋದ ಹಾಗೆ ಯಾವ ಸಂಖ್ಯೆ ಬೇಕು ಅನ್ನುವುದನ್ನೂ ನೀವೇ ಹುಡುಕಬೇಕು.

ಇನ್ನೊಂದು ಲಾಭ ಇದೆ. ಅದು ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಒಂದೇ ಸಮೀಕರಣ ಊರೂರು ಅಲೆಯುತ್ತದೆ. ಲೋಲಕ ಯಾಕೆ ಆ ಕಡೆ ಈ ಕಡೆ ಓಲಾಡುತ್ತದೆ? ನಡುವಿನಿಂದ ದೂರ ಹೋದಷ್ಟೂ ಅದನ್ನು ವಾಪಸ್ ಎಳೆಯುವ ಬಲ ಜಾಸ್ತಿಯಾಗುತ್ತದೆ, ಅದಕ್ಕೆ. ಇಷ್ಟನ್ನು ಗಣಿತದಲ್ಲಿ ಬರೆದರೆ ಒಂದು ಪುಟ್ಟ ಸಮೀಕರಣ ಸಿಗುತ್ತದೆ. ಬೈಕಿನ ಶಾಕ್ ಅಬ್ಸಾರ್ಬರಿಗೂ ಅದೇ ಸಮೀಕರಣ. ರೇಡಿಯೋದಲ್ಲಿ ಸ್ಟೇಷನ್ ಹಿಡಿಯುವ ಸರ್ಕ್ಯೂಟಿಗೂ ಅದೇ. ಅಣುವಿನೊಳಗೆ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳ ಹಾಗೆ ಸದಾ ಅಲುಗುತ್ತಿರುತ್ತವೆ, ಅಲ್ಲೂ ಅದೇ.

ಆ ಅಲುಗಾಟದಿಂದಲೇ ರಾಮನ್ ಪರಿಣಾಮ ಹುಟ್ಟುವುದು. ಒಂದೇ ಬಣ್ಣದ ಬೆಳಕನ್ನು ಒಂದು ದ್ರವದ ಮೇಲೆ ಬಿಟ್ಟರೆ, ಚದುರಿ ಬರುವ ಬೆಳಕಿನಲ್ಲಿ ತೀರಾ ಚಿಕ್ಕ ಪಾಲು ಬೇರೆ ಬಣ್ಣಕ್ಕೆ ತಿರುಗಿರುತ್ತದೆ. ಬೆಳಕು ಅಣುವಿನ ಅಲುಗಾಟಕ್ಕೆ ಸ್ವಲ್ಪ ಶಕ್ತಿ ಕೊಟ್ಟಿರುತ್ತದೆ, ಇಲ್ಲವೇ ಅದರಿಂದ ಸ್ವಲ್ಪ ಪಡೆದಿರುತ್ತದೆ. ಪ್ರತಿ ಅಣುವಿನ ಅಲುಗಾಟವೂ ಬೇರೆ, ಹಾಗಾಗಿ ಬಣ್ಣ ಎಷ್ಟು ಸರಿದಿದೆ ಅಂತ ನೋಡಿ ಅದು ಯಾವ ಅಣು ಅಂತ ಹೇಳಬಹುದು. ಬೆರಳಚ್ಚಿನ ಹಾಗೆ. ಸಿ.ವಿ. ರಾಮನ್ ಇದನ್ನು ಕಲ್ಕತ್ತದಲ್ಲಿ ಕಂಡುಹಿಡಿದದ್ದು 1928ರಲ್ಲಿ. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನ ಅಂತ ಆಚರಿಸುವುದು ಇದಕ್ಕೇ. 1930ರಲ್ಲಿ ನೊಬೆಲ್ ಬಂತು, 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ನಿರ್ದೇಶಕರಾಗಿ ಬಂದರು. ಇವತ್ತು ಮಾತ್ರೆಯಲ್ಲಿ ಕಲಬೆರಕೆ ಇದೆಯಾ, ಹರಳು ಅಸಲಿಯಾ ಅಂತ ನೋಡಲು ಇದೇ ವಿಧಾನ ಬಳಸುತ್ತಾರೆ. 2021ರಲ್ಲಿ ಮಂಗಳನ ಮೇಲೆ ಇಳಿದ ಪರ್ಸಿವರೆನ್ಸ್ ರೋವರ್ ಅಲ್ಲಿನ ಕಲ್ಲುಗಳನ್ನು ಪರೀಕ್ಷಿಸುವ ವಿಧಾನಗಳಲ್ಲಿ ಇದೂ ಒಂದು. ದಾರಕ್ಕೆ ಕಟ್ಟಿದ ಗುಂಡನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರಿಗೆ ಮಂಗಳನ ಕಲ್ಲಿನವರೆಗೆ ಅರ್ಧ ದಾರಿ ಸವೆದ ಹಾಗೇ.

ಹೀಗೆ ಅಲೆಯುವ ಗಣಿತ ಇನ್ನೂ ಇದೆ. ವಿಕಿರಣ ಸೂಸುವ ವಸ್ತು ಹೊತ್ತು ಕಳೆದ ಹಾಗೆ ಅರ್ಧ, ಅರ್ಧದ ಅರ್ಧ ಆಗುತ್ತಾ ಹೋಗುತ್ತದೆ. ಆಸ್ಪತ್ರೆಯ ಸ್ಕ್ಯಾನ್‌ಗಳಲ್ಲಿ ಬಳಸುವ ಟೆಕ್ನೀಶಿಯಂ-99ಎಂ ಅನ್ನುವ ವಸ್ತು 6 ಗಂಟೆಗೊಮ್ಮೆ ಅರ್ಧವಾಗುತ್ತದೆ. ಒಂದು ದಿನ ಕಳೆದರೆ ಉಳಿಯುವುದು 16ರಲ್ಲಿ ಒಂದು ಪಾಲು. ಇದೇ ಲೆಕ್ಕ ನಾವು ಕುಡಿದ ಕಾಫಿಯ ಕೆಫೀನ್ ರಕ್ತದಲ್ಲಿ ಕರಗುವುದಕ್ಕೂ ಹೆಚ್ಚು ಕಡಿಮೆ ಸರಿಹೊಂದುತ್ತದೆ, ಕೆಪಾಸಿಟರಿನ ಚಾರ್ಜ್ ಇಳಿಯುವುದಕ್ಕೂ ಸರಿಹೊಂದುತ್ತದೆ. ಅಯಸ್ಕಾಂತದೊಳಗೆ ಕೋಟಿ ಕೋಟಿ ಪುಟ್ಟ ಕಾಂತಗಳು ಹೇಗೆ ಒಂದು ದಿಕ್ಕಿಗೆ ತಿರುಗುತ್ತವೆ ಅನ್ನುವ ಲೆಕ್ಕವನ್ನು 1982ರಲ್ಲಿ ಜಾನ್ ಹಾಪ್‌ಫೀಲ್ಡ್ ಅನ್ನುವ ಭೌತವಿಜ್ಞಾನಿ ಮಿದುಳಿನ ನೆನಪಿಗೆ ಹಚ್ಚಿ ನೋಡಿದರು. ಇವತ್ತಿನ ಕೃತಕ ಬುದ್ಧಿಮತ್ತೆಯ ಬೇರುಗಳಲ್ಲಿ ಅದೂ ಒಂದು. 2024ರ ಫಿಸಿಕ್ಸ್ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್ ಅವರಿಗೂ ಬಂತು.

ಡಿಗ್ರಿಯಲ್ಲಿ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್, ಆಪ್ಟಿಕ್ಸ್, ಎಲೆಕ್ಟ್ರಿಸಿಟಿ, ಎಲೆಕ್ಟ್ರಾನಿಕ್ಸ್, ಕೊನೆಗೆ ಕ್ವಾಂಟಂ, ನ್ಯೂಕ್ಲಿಯರ್, ಸಾಲಿಡ್ ಸ್ಟೇಟ್ ಅಂತ ಬೇರೆ ಬೇರೆ ಪೇಪರ್ ಇರುತ್ತವೆ. ಪರೀಕ್ಷೆಗೆ ಓದುವಾಗ ಎಲ್ಲ ಬೇರೆ ಬೇರೆ ಡಬ್ಬಿಗಳ ಹಾಗೆ ಕಾಣುತ್ತದೆ. ಮೂರನೇ ವರ್ಷದ ಹೊತ್ತಿಗೆ ಅವು ಒಂದರೊಳಗೊಂದು ಸೇರಿಕೊಳ್ಳಲು ಶುರುವಾಗುತ್ತವೆ. ಆ ಕ್ಷಣದ ಖುಷಿಯನ್ನು ಹೇಳಿ ತಿಳಿಸುವುದು ಕಷ್ಟ. ಅದಕ್ಕಾಗಿಯೇ ಓದಬಹುದು ಅಂತ ನನ್ನ ಪ್ರಾಮಾಣಿಕ ಅನಿಸಿಕೆ.

ಸರಿ, ಕೆಲಸದ ಮಾತು.

ಮೊದಲು ಕಷ್ಟದ ಸತ್ಯ. ಮೂರು ವರ್ಷದ ಬಿ.ಎಸ್ಸಿ. ಒಂದನ್ನೇ ಹಿಡಿದುಕೊಂಡು ಹೋದರೆ 'ಫಿಸಿಕ್ಸ್ ಬೇಕು' ಅಂತ ಕರೆಯುವ ಕೆಲಸಗಳು ಕಡಿಮೆ. ಎಂಜಿನಿಯರಿಂಗ್ ಕಾಲೇಜಿಗೆ ಕಂಪನಿಗಳು ಬರುವ ಹಾಗೆ ಬಿ.ಎಸ್ಸಿ. ಕಾಲೇಜಿಗೆ ಬರುವುದಿಲ್ಲ. ಫಿಸಿಕ್ಸ್‌ನಲ್ಲೇ ಮುಂದುವರಿಯಬೇಕು ಅಂದರೆ ಎಂ.ಎಸ್ಸಿ. ಬೇಕು, ಸಂಶೋಧನೆ ಅಂದರೆ ಪಿಎಚ್.ಡಿ. ಬೇಕು. ಒಟ್ಟು ಹತ್ತು ವರ್ಷದ ದಾರಿ. ಮನೆಯಲ್ಲಿ ಬೇಗ ಸಂಬಳ ಬರಲೇಬೇಕಾದ ಪರಿಸ್ಥಿತಿ ಇದ್ದರೆ ಇದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು. ಮಕ್ಕಳಿಗೆ ಇದನ್ನು ಹೇಳದೆ ಬರೀ ದೊಡ್ಡ ಹೆಸರುಗಳನ್ನು ತೋರಿಸಿ ಆಸೆ ಹುಟ್ಟಿಸುವುದು ತಪ್ಪು.

ಆದರೆ ದಾರಿಗಳು ಇವೆ, ಮತ್ತು ಅವು ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ. ಬಿ.ಎಸ್ಸಿ. ಆದ ಮೇಲೆ ಬಿ.ಎಡ್. ಮಾಡಿ ಹೈಸ್ಕೂಲ್ ಮೇಷ್ಟ್ರಾಗುವವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಒಂದು ಊರಿನ ಹೈಸ್ಕೂಲಿಗೆ ನಿಜಕ್ಕೂ ಫಿಸಿಕ್ಸ್ ಗೊತ್ತಿರುವ ಮೇಷ್ಟ್ರು ಸಿಕ್ಕರೆ ಆ ಊರಿನ ಹಣೆಬರಹವೇ ಬದಲಾಗುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂ.ಎಸ್ಸಿ. ಆದವರಿಗೆ ನೆಟ್, ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಬರೆದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ದಾರಿ ಇದೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಜ್ಯಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂ.ಎಸ್ಸಿ., ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ (ಎಂ.ಎಸ್ಸಿ.ಯನ್ನೂ ಸೇರಿಸಿಕೊಂಡ) ಪಿಎಚ್.ಡಿ.ಗೆ ಬಾಗಿಲು ತೆರೆಯುತ್ತದೆ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿದವರಿಗೂ ಅದೇ ಪ್ರಶ್ನೆಪತ್ರಿಕೆ. ಪಿಎಚ್.ಡಿ. ಮಾಡುವಾಗ ಸಾಮಾನ್ಯವಾಗಿ ತಿಂಗಳಿಗೆ ಫೆಲೋಶಿಪ್ ಹಣ ಬರುತ್ತದೆ ಅನ್ನುವುದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕೆಲಸ ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ರೋಗಿಗೆ ರೇಡಿಯೇಷನ್ ಕೊಡುವಾಗ ಡಾಕ್ಟರು ಎಷ್ಟು ಕೊಡಬೇಕು ಅಂತ ಬರೆಯುತ್ತಾರೆ. ಆ ಕಿರಣಗಳು ಯಾವ ಕೋನದಿಂದ, ಎಷ್ಟು ಹೊತ್ತು ಹೋದರೆ ಗಡ್ಡೆಗೆ ಪೂರ್ತಿ ತಲುಪಿ ಪಕ್ಕದ ಅಂಗಕ್ಕೆ ಕಡಿಮೆ ತಾಗುತ್ತದೆ ಅನ್ನುವ ಲೆಕ್ಕ ಹಾಕುವುದು, ಯಂತ್ರ ಹೇಳಿದಷ್ಟೇ ಕಿರಣ ಕೊಡುತ್ತಿದೆಯಾ ಅಂತ ಅಳೆದು ನೋಡುವುದು ಫಿಸಿಕ್ಸ್ ಓದಿದವರ ಕೆಲಸ. ಎಂ.ಎಸ್ಸಿ. ಫಿಸಿಕ್ಸ್ ಆದ ಮೇಲೆ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇದಕ್ಕೆಂದೇ ಒಂದು ಡಿಪ್ಲೊಮಾ ಇದೆ. ಲ್ಯಾಬಿನಲ್ಲಿ ಮೇಷ್ಟ್ರು ಕೇಳಿದ 'ಪ್ಲಸ್ ಆರ್ ಮೈನಸ್ ಎಷ್ಟು' ಅನ್ನುವ ಪ್ರಶ್ನೆ ಇಲ್ಲಿ ಒಬ್ಬರ ಜೀವದ ಪ್ರಶ್ನೆ.

ಬೆಂಗಳೂರಿನ ಸುತ್ತಮುತ್ತ ಇರುವುದನ್ನೂ ಸ್ವಲ್ಪ ನೋಡಿ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರಲ್ಲಿ ಸೂರ್ಯನ ಕರೋನಾವನ್ನು, ಅಂದರೆ ಅದರ ಹೊರಗಿನ ಪ್ರಭೆಯನ್ನು, ನೋಡುವ ಮುಖ್ಯ ಉಪಕರಣವನ್ನು ರೂಪಿಸಿದ್ದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. 2024ರ ಜನವರಿ 1ರಂದು ಹೋದ, ಆಕಾಶದ ಎಕ್ಸ್-ಕಿರಣಗಳನ್ನು ನೋಡುವ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ರಾಮನ್ ಸಂಶೋಧನಾ ಸಂಸ್ಥೆಯದ್ದು. ಗೌರಿಬಿದನೂರಿನಲ್ಲಿ ರೇಡಿಯೋ ದೂರದರ್ಶಕ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿ 2 ಕಿಲೋಮೀಟರಿಗಿಂತ ಆಳದಲ್ಲಿ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳು, ಅಂದರೆ ನೆಲವನ್ನೂ ತೂರಿಕೊಂಡು ಹೋಗುವ ಪುಟ್ಟ ಕಣಗಳು, ಪತ್ತೆಯಾಗಿದ್ದವು. ಇದಕ್ಕಾಗಿ ದೂರ ದೇಶಕ್ಕೆ ಹೋಗಲೇಬೇಕು ಅಂತಿಲ್ಲ.

ಓದಿದ ಮೇಲೆ ಬೇರೆ ಕೆಲಸಕ್ಕೆ ಹೋದರೆ ಫಿಸಿಕ್ಸ್ ವ್ಯರ್ಥ ಆಯಿತು ಅನ್ನುತ್ತಾರೆ. ಹಾಗಲ್ಲ. ರಾಮನ್ ಅವರೇ ಎಂ.ಎ. ಮುಗಿಸಿ 1907ರಲ್ಲಿ ಸೇರಿದ್ದು ಸರ್ಕಾರದ ಹಣಕಾಸು ಇಲಾಖೆಗೆ. ಹಗಲು ಆಫೀಸು, ಉಳಿದ ಹೊತ್ತು ಪ್ರಯೋಗ. ಹತ್ತು ವರ್ಷ ಹಾಗೇ ನಡೆಸಿದರು. ವರ್ಲ್ಡ್ ವೈಡ್ ವೆಬ್ ಕೊಟ್ಟ ಟಿಮ್ ಬರ್ನರ್ಸ್-ಲೀ ಆಕ್ಸ್‌ಫರ್ಡಿನಲ್ಲಿ ಓದಿದ್ದು ಫಿಸಿಕ್ಸ್. ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದ ಭೌತವಿಜ್ಞಾನಿ. 1975ರ ಏಪ್ರಿಲ್ 19ರಂದು ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ ತಂಡಕ್ಕೆ ಅವರೇ ಮುಂದಾಳು. ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಯಾರೂ ಉಪಗ್ರಹ ಕಟ್ಟಿರಲಿಲ್ಲ. ಯಾರೂ ಮಾಡಿರದ ಕೆಲಸಕ್ಕೆ ಸಿಲಬಸ್ ಇರುವುದಿಲ್ಲ, ಬುಡದಿಂದ ಯೋಚಿಸುವವರು ಬೇಕು.

ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರ ಕಥೆ ನನಗೆ ಅಚ್ಚುಮೆಚ್ಚು. 1982ರಲ್ಲಿ, ಇನ್ನೂ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಡಾನ್ ಬ್ಯಾಕರ್ ಜೊತೆ ಸೇರಿ ಅವರು ಸೆಕೆಂಡಿಗೆ ಸುಮಾರು 642 ಸುತ್ತು ಸುತ್ತುವ ನಕ್ಷತ್ರವನ್ನು ಕಂಡುಹಿಡಿದರು. ಹೀಗೆ ಸುತ್ತುತ್ತಾ ಮಿಡಿತದ ಹಾಗೆ ರೇಡಿಯೋ ಅಲೆ ಕಳಿಸುವ ನಕ್ಷತ್ರಕ್ಕೆ ಪಲ್ಸಾರ್ ಅನ್ನುತ್ತಾರೆ, ಅಷ್ಟು ವೇಗದ ಪಲ್ಸಾರ್ ಅನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಸೂರ್ಯನಿಗಿಂತ ಭಾರದ, ಒಂದು ಊರಿನಷ್ಟು ಅಗಲದ ಗುಂಡೊಂದು ಮಿಕ್ಸಿಯ ಬ್ಲೇಡಿಗಿಂತ ಜೋರಾಗಿ ತಿರುಗುತ್ತಿದೆ ಅಂತ ಊಹಿಸಿಕೊಳ್ಳಿ. 2024ರಲ್ಲಿ ಅವರಿಗೆ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಬಂತು.

ಇನ್ನೊಬ್ಬರ ಹೆಸರು ಹೇಳದೆ ಇರಲಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿ, ವಾಪಸ್ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದರು, ಪ್ರಿನ್ಸಿಪಾಲರಾದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು 1976ರಲ್ಲಿ ಒಂದು ಸಮಿತಿಯನ್ನೇ ಮಾಡಿದರು. ನಂಬು ಅಂತಲೂ ಹೇಳಲಿಲ್ಲ, ನಂಬಬೇಡ ಅಂತಲೂ ಹೇಳಲಿಲ್ಲ. ಪರೀಕ್ಷೆ ಮಾಡೋಣ ಬನ್ನಿ ಅಂದರು. ಲ್ಯಾಬಿನಲ್ಲಿ ಕಲಿತದ್ದನ್ನು ಅವರು ಊರಿನ ನಡುವೆ ತಂದು ನಿಲ್ಲಿಸಿದರು.

ಈಗ ನಿರ್ಧಾರ ಮಾಡಬೇಕಾದವರಿಗೆ ಒಂದೆರಡು ಮಾತು. ಗಣಿತ ಕಂಡರೆ ಭಯ ಆದರೂ ಪರವಾಗಿಲ್ಲ, ಆದರೆ ಗಣಿತದ ಜೊತೆ ದಿನಾ ಕೂರಲು ಮನಸ್ಸು ಬೇಕು. ಫಿಸಿಕ್ಸ್ ಇಷ್ಟ, ಮ್ಯಾಥ್ಸ್ ಬೇಡವೇ ಬೇಡ ಅನ್ನುವವರಿಗೆ ಎರಡನೇ ವರ್ಷ ತುಂಬಾ ಕಷ್ಟವಾಗುತ್ತದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷ್ ಗೋಡೆಯ ಹಾಗೆ ಕಾಣುತ್ತದೆ. ಆದರೆ ಫಿಸಿಕ್ಸ್‌ಗೆ ಬೇಕಾದ ಇಂಗ್ಲಿಷ್ ಪದಗಳು ನಿಜಕ್ಕೂ ಕಡಿಮೆ. ಅರ್ಥವನ್ನು ಕನ್ನಡದಲ್ಲಿ ಯೋಚಿಸಿ, ಪದವನ್ನು ಇಂಗ್ಲಿಷಿನಲ್ಲಿ ಕಲಿಯಿರಿ. ನಾನು ಹಾಗೇ ಕಲಿತದ್ದು, ಇವತ್ತಿಗೂ ಹಾಗೇ ಯೋಚಿಸುವುದು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಅಲ್ಲಿ ಓದುತ್ತಿರುವ ಎರಡನೇ ವರ್ಷದವರೊಬ್ಬರನ್ನು ಹಿಡಿದು ಕೇಳಿ: ಲ್ಯಾಬ್ ವಾರಕ್ಕೆ ಎಷ್ಟು ಗಂಟೆ ನಿಜವಾಗಿ ನಡೆಯುತ್ತದೆ? ಪ್ರಯೋಗವನ್ನು ನೀವೇ ಮಾಡುತ್ತೀರಾ, ಇಲ್ಲ ಒಬ್ಬರು ಮಾಡಿ ಉಳಿದವರು ಬರೆದುಕೊಳ್ಳುತ್ತೀರಾ? ಸೇರಿದ ಮೇಲೆ ಕಾಲೇಜಿನ ಹೊರಗೆ ಸಿಗುವುದನ್ನು ಬಿಡಬೇಡಿ. ಬೆಂಗಳೂರಿನಲ್ಲಿ ಇರುವವರಿಗೆ ಜವಾಹರಲಾಲ್ ನೆಹರು ತಾರಾಲಯ ವಾರಾಂತ್ಯದಲ್ಲಿ ಬಿ.ಎಸ್ಸಿ. ಮಕ್ಕಳಿಗೆಂದೇ ನಡೆಸುವ ಫಿಸಿಕ್ಸ್ ತರಗತಿಗಳಿವೆ. ದೇಶದ ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಯಾವ ಊರಿನ ಕಾಲೇಜಿನವರೂ ಅರ್ಜಿ ಹಾಕಬಹುದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಪಕ್ಕದಲ್ಲಿ ಕೂತು ಕೆಲಸ ಮಾಡಿದರೆ ಈ ದಾರಿ ನಿಮಗೆ ಒಗ್ಗುತ್ತದಾ ಇಲ್ಲವಾ ಅಂತ ಸ್ಪಷ್ಟವಾಗಿಬಿಡುತ್ತದೆ.

ಅದಕ್ಕೂ ಮುಂಚೆ, ಸುಮ್ನೆ ಇವತ್ತು ಸಂಜೆ ಮನೆಯಲ್ಲೇ ಒಂದು ಕೆಲಸ ಮಾಡಿ ನೋಡಿ. ಗಟ್ಟಿ ದಾರ ತೆಗೆದುಕೊಂಡು ಒಂದು ಚಿಕ್ಕ ಬೀಗವನ್ನೋ ದುಂಡನೆ ಕಲ್ಲನ್ನೋ ಕಟ್ಟಿ, ಬಾಗಿಲ ಚೌಕಟ್ಟಿನ ಮೊಳೆಗೆ ನೇತುಹಾಕಿ. ಮೊಳೆಯಿಂದ ಕಲ್ಲಿನ ನಡುಮಧ್ಯದವರೆಗೆ 1 ಮೀಟರ್ ಇರಲಿ. ನನ್ನ ಹಾಗೆ ಗಂಟಿನವರೆಗೆ ಮಾತ್ರ ಅಳೆಯಬೇಡಿ. ಒಂದು ಗೇಣಿಗಿಂತ ಕಡಿಮೆ ಪಕ್ಕಕ್ಕೆ ಎಳೆದು ಬಿಡಿ. ಕಲ್ಲು ನಡುವಿನ ಜಾಗ ದಾಟುವಾಗ ಫೋನಿನ ಸ್ಟಾಪ್‌ವಾಚ್ ಒತ್ತಿ. ತುದಿಯಲ್ಲಿ ಅದು ನಿಂತಂತೆ ನಿಧಾನವಾಗುತ್ತದೆ, ಅಲ್ಲಿ ಯಾವಾಗ ಒತ್ತಬೇಕು ಅಂತ ಗೊತ್ತಾಗುವುದಿಲ್ಲ. ನಡುವೆ ಅದು ಅತಿ ವೇಗದಲ್ಲಿ ಇರುತ್ತದೆ, ಕಣ್ಣಿಗೆ ಅನುಮಾನ ಕಮ್ಮಿ. ಅಲ್ಲಿಂದ ಅದೇ ದಿಕ್ಕಿನಲ್ಲಿ 20 ಸಲ ದಾಟುವವರೆಗೆ ಎಣಿಸಿ. 40 ಸೆಕೆಂಡಿನ ಆಸುಪಾಸು ಬರಬೇಕು. ಐದು ಸಲ ಮಾಡಿ, ಐದನ್ನೂ ಬಂದ ಹಾಗೇ ಬರೆದಿಡಿ.